ವಾರಕ್ಕೊಂದು ಸೂಜಿ

ತೂಕದ ಯಂತ್ರ ಹತ್ತುವ ಮುಂಚೆ ಅಕ್ಕ ಚಪ್ಪಲಿ ಬಿಟ್ಟಳು, ಬಗಲಿನ ಚೀಲ ತೆಗೆದು ತಮ್ಮನ ಕೈಗೆ ಕೊಟ್ಟಳು, ಆಮೇಲೆ ಬಳೆಗಳನ್ನೂ ತೆಗೆಯಲೇ ಎಂದು ನನ್ನನ್ನು ಕೇಳಿದಳು.

"ಬಳಿ ತಗದ್ರ ಏನ್ ಇಳೀತದ ಅಕ್ಕಾ, ಸುಮ್ಮ ನಿಂದ್ರು" ಎಂದು ತಮ್ಮ ನಕ್ಕ. ನನ್ನ ಕಡೆ ತಿರುಗಿ, "ನಮ್ಮ ಮನ್ಯಾಗ ಕುರಿ ತೂಕ ಏರಿದ್ರ ಖುಷಿ ಪಡ್ತೇವ್ರಿ ಮೇಡಂ. ಈಕಿದೊಂದೇ ಉಲ್ಟಾ ನೋಡ್ರಿ" ಎಂದ.

ಎತ್ತರ ಐದು ಅಡಿ, ತೂಕ ತೊಂಬತ್ತೆರಡು ಕೆಜಿ. ನಾನು ಫೈಲಿನಲ್ಲಿ ಬರೆದುಕೊಂಡೆ.

ಬೀದರ್ ಶಹರದ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಆಹಾರ ಸಲಹೆ ಕೊಡುವವಳು. ಭಾಲ್ಕಿಯಿಂದ ದಿನಾ ಬಂದು ಹೋಗುತ್ತೇನೆ. ತೂಕ ಇಳಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರಿಗೆ ಮೊಣಕಾಲು ನೋವು, ಇಲ್ಲವೇ ಸಕ್ಕರೆ ಕಾಯಿಲೆ, ಇಲ್ಲವೇ ಮಗಳ ಮದುವೆ. ಈ ಅಕ್ಕ ಬಂದ ಕಾರಣವೇ ಬೇರೆ. ಆಕೆಗೆ ತನ್ನ ಕಿಡ್ನಿಯನ್ನು ತಮ್ಮನಿಗೆ ಕೊಡಬೇಕಿತ್ತು.

ತಮ್ಮ ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಚಿದ್ರಿಯಲ್ಲಿ ಬಾಡಿಗೆ ಮನೆ. ಮೂವತ್ತನಾಲ್ಕು ವಯಸ್ಸಿಗೇ ಎರಡೂ ಕಿಡ್ನಿ ಸುಕ್ಕುಗಟ್ಟಿ ಹೋಗಿದ್ದವು. ಸೋಮವಾರ ಮತ್ತು ಗುರುವಾರ ನಮ್ಮ ದವಾಖಾನೆಯ ಕೆಳಗಿನ ಮಹಡಿಯಲ್ಲೇ ಡಯಾಲಿಸಿಸ್. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ, ತಾಯಿಗೆ ಸಕ್ಕರೆ ಕಾಯಿಲೆ. ಉಳಿದವಳು ಈ ಅಕ್ಕ ಒಬ್ಬಳೇ. ಔರಾದ್ ಪಕ್ಕದ ಹಳ್ಳಿಯಲ್ಲಿ ಗಂಡನ ಮನೆ, ಊರಿನ ಸಾಲೆಯಲ್ಲಿ ಬಿಸಿಯೂಟದ ಅಡಿಗೆ ಕೆಲಸ. ಹೈದರಾಬಾದಿನ ಕಿಡ್ನಿ ಕಸಿ ವೈದ್ಯರು ಆಕೆಯ ರಕ್ತ, ಮೂತ್ರ, ಹೃದಯ ಎಲ್ಲ ತಪಾಸಣೆ ಮಾಡಿ, ಎಲ್ಲವೂ ಹೊಂದುತ್ತದೆ, ತೂಕ ಮಾತ್ರ ಎಪ್ಪತ್ತೆರಡಕ್ಕೆ ಇಳಿಯಲಿ ಎಂದಿದ್ದರು. ತಮ್ಮನ ಹೃದಯ ಸೋಲುತ್ತಾ ಬಂದಿದೆ, ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಡಿ ಎಂದೂ ಹೇಳಿ ಕಳಿಸಿದ್ದರು.

ಇಪ್ಪತ್ತು ಕೆಜಿ, ಒಂದು ವರ್ಷ. ಬರೀ ಊಟದ ಪಥ್ಯದಿಂದ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಸರ್ಜನ್ನರು ಇಬ್ಬರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಜಠರದ ಚಿತ್ರ ಬಿಡಿಸಿದರು. ಒಂದು ದಾರಿ ಆಪರೇಷನ್. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಬಾಳೆಕಾಯಿಯಷ್ಟು ಉಳಿಸುವುದು. ಕರುಳನ್ನು ತಿರುಗಿಸಿ ಜೋಡಿಸುವ ಇನ್ನೊಂದು ಬಗೆಯೂ ಇದೆ, ಆದರೆ ಅದರಿಂದ ಕಿಡ್ನಿಯಲ್ಲಿ ಹರಳು ಕಟ್ಟಬಹುದು, ಕಿಡ್ನಿ ಕೊಡುವವಳಿಗೆ ಅದು ಬೇಡವೇ ಬೇಡ ಎಂದರು. ನಾಲ್ಕು ದಿನ ದವಾಖಾನೆ, ಹದಿನೈದು ದಿನ ನೀರಿನಂಥ ಆಹಾರ, ಆರೇಳು ತಿಂಗಳಲ್ಲಿ ಬೇಕಾದಷ್ಟು ತೂಕ ಇಳಿಯುತ್ತದೆ. ಎರಡನೆಯ ದಾರಿ ಸೂಜಿ. ಪೆನ್ನಿನಂಥ ಸಾಧನದಿಂದ ಹೊಟ್ಟೆಯ ಚರ್ಮಕ್ಕೆ ತಾವೇ ಚುಚ್ಚಿಕೊಳ್ಳುವುದು. ಹಸಿವು ಸತ್ತು ಹೋಗುತ್ತದೆ, ತಿಂದದ್ದು ಜಠರದಲ್ಲಿ ನಿಧಾನಕ್ಕೆ ಕರಗುತ್ತದೆ. ಆದರೆ ಇಳಿಕೆ ತಡ, ಇಪ್ಪತ್ತು ಕೆಜಿಗೆ ವರ್ಷ ಹಿಡಿಯಬಹುದು, ಹಿಡಿದೂ ಆಗದಿರಬಹುದು.

"ನನ್ನ ಸಲಹೆ ಆಪರೇಷನ್" ಎಂದರು ಸರ್ಜನ್ನರು. "ಮನ್ಯಾಗ ಕೂತು ವಿಚಾರ ಮಾಡ್ರಿ, ಜಲ್ದಿ ಹೇಳ್ರಿ."

ಅವರು ಎದ್ದು ಹೋದ ಮೇಲೆ ಅಕ್ಕ, ತಮ್ಮ ಇಬ್ಬರೂ ನನ್ನ ಕೋಣೆಯಲ್ಲೇ ಕುಳಿತರು.

"ಒಂದೇ ಹೊಟ್ಟಿ ರೀ ಮೇಡಂ, ಎರಡೆರಡು ಸಲ ಕೊಯ್ಯೋದೇನು?" ಎಂದ ತಮ್ಮ. "ತೂಕಕ್ಕೊಮ್ಮೆ, ಕಿಡ್ನಿಗೊಮ್ಮೆ. ನನ್ನ ಸಲುವಾಗಿ ಆಕಿಗೇನರ ಆದ್ರ ನಾ ಬದುಕಿ ಏನ್ ಮಾಡ್ಲಿ?"

"ನೀ ಸುಮ್ಮ ಕೂಡು" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನನ್ನೇ ನೋಡುತ್ತಾ, "ನಿಮ್ಮ ಒಡಹುಟ್ಟಿದ ಅಕ್ಕ ಇದ್ದಿದ್ರ ಯಾವುದು ಅಂತಿದ್ರಿ? ಖರೆ ಹೇಳ್ರಿ" ಎಂದು ಕೇಳಿದಳು.

ಈ ಪ್ರಶ್ನೆಗೆ ಉತ್ತರ ಕೊಡಬಾರದು ಎಂದು ನಮಗೆ ಕಲಿಸಿರುತ್ತಾರೆ. ಆದರೆ ಅದೇ ವರ್ಷ ಜಠರದ ಆಪರೇಷನ್ ಆದ ಒಬ್ಬರಿಗೆ ಹೊಲಿಗೆಯ ಜಾಗದಲ್ಲಿ ಸೋರಿ, ಎರಡು ತಿಂಗಳು ಮೂಗಿನ ನಳಿಕೆಯಿಂದ ಅವರಿಗೆ ಗಂಜಿ ಕೊಟ್ಟವಳು ನಾನು. ಅವರ ಮುಖ ನನ್ನ ಕಣ್ಣ ಮುಂದೆ ಇತ್ತು. ನೂರರಲ್ಲಿ ಒಬ್ಬರಿಗೆ ಆಗುವುದನ್ನು ಹತ್ತಿರದಿಂದ ಕಂಡವರಿಗೆ ಉಳಿದ ತೊಂಬತ್ತೊಂಬತ್ತು ಜನ ಕಾಣುವುದಿಲ್ಲ. "ಸೂಜಿ" ಎಂದೆ. ಅಕ್ಕ ತಲೆ ಆಡಿಸಿದಳು. ತೀರ್ಮಾನ ಅಲ್ಲಿಗೆ ಮುಗಿಯಿತು. ಸರ್ಜನ್ನರು ಎರಡನೆಯ ಸಲ ಒತ್ತಾಯ ಮಾಡಲಿಲ್ಲ, ಸೂಜಿಯ ಚೀಟಿ ಬರೆದುಕೊಟ್ಟರು.

ಸೂಜಿ ಕಲಿಸುವ ಕೆಲಸ ನನ್ನದು. ಇಲ್ಲಿ ನನ್ನ ಜಂಬದ ಮಾತು ಹೇಳಲೇಬೇಕು. ಔಷಧದ ಡಬ್ಬಿಯೊಳಗೆ ಬರುವ ಕನ್ನಡ ಕಾಗದದಲ್ಲಿ 'ಸಾಪ್ತಾಹಿಕ ಚುಚ್ಚುಮದ್ದು' ಎಂದಿತ್ತು. ಸಾಪ್ತಾಹಿಕ ಅಂದರೆ ಔರಾದ್ ಕಡೆಯವರು ಏಳು ದಿನದ ಭಜನೆ ಎಂದುಕೊಳ್ಳುತ್ತಾರೆ ಎಂದು ನಾನು ನಗಾಡಿದ್ದೆ. ಅದಕ್ಕೇ ನಮ್ಮ ಮಂದಿಯ ಮಾತಿನಲ್ಲಿ ಒಂದು ಹಾಳೆ ನಾನೇ ಬರೆದು, ನಕಲು ತೆಗೆಸಿ ಇಟ್ಟುಕೊಂಡಿದ್ದೆ. ಮೊದಲ ಸಾಲು: 'ವಾರಕ್ಕೊಂದು ಸೂಜಿ.' ಎರಡನೆಯದು: 'ನಿಮ್ಮ ವಾರ ತಪ್ಪಿಸಬ್ಯಾಡ್ರಿ.' ಅದರ ಕೆಳಗೆ 'ನಿಮ್ಮ ವಾರ' ಎಂದು ಬರೆದು ಮುಂದೆ ಖಾಲಿ ಜಾಗ. ಸರ್ಜನ್ನರು ಅದನ್ನು ನೋಡಿ, ಭಾಷೆ ಅಂದರೆ ಹೀಗಿರಬೇಕು ಎಂದು ಹೊಗಳಿದ್ದರು. ಆ ಹೊಗಳಿಕೆಯನ್ನು ನಾನು ಮನೆಯಲ್ಲೂ ಹೇಳಿಕೊಂಡಿದ್ದೆ.

"ನಿಮ್ಮ ವಾರ ಯಾವುದು ಬರೀಲಿ ಅಕ್ಕಾ?"

"ಐತವಾರ ರೀ" ಎಂದಳು, ತಡಮಾಡದೆ.

ಖಾಲಿ ಜಾಗದಲ್ಲಿ ಐತವಾರ ಎಂದು ಬರೆದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯುವುದು, ಪೆನ್ನಿನ ತಿರುಪು ತಿರುಗಿಸಿ ಅಳತೆ ಇಡುವುದು, ಒತ್ತಿ ಹಿಡಿದು ಆರು ಎಣಿಸುವುದು, ಪ್ರತಿ ಸಲ ಜಾಗ ಬದಲಿಸುವುದು, ಎಲ್ಲ ಮೂರು ಸಲ ಮಾಡಿಸಿದೆ. ಆಕೆ ನಾಲ್ಕನೆಯ ತರಗತಿ ಓದಿದವಳು. ಹಾಳೆಯನ್ನು ಬೆರಳಿಟ್ಟು ಸಾವಕಾಶವಾಗಿ, ಗಟ್ಟಿಯಾಗಿ ಓದಿ ಒಪ್ಪಿಸಿದಳು. ಒಂದಕ್ಷರವೂ ತಪ್ಪಲಿಲ್ಲ.

ದೀಪಾವಳಿ ಮುಗಿದ ಮೇಲೆ ಸೂಜಿ ಶುರುವಾಯಿತು. ಮೊದಲ ತಿಂಗಳು ಸಣ್ಣ ಅಳತೆ, ಇಳಿದದ್ದು ಎರಡು ಕೆಜಿ. ಎಳ್ಳಮಾಸಿಯಲ್ಲಿ ಇಡೀ ಊರು ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಣ್ಣುವಾಗ ತಾನು ಎರಡೇ ತುತ್ತು ಉಂಡೆ ಎಂದು ಆಕೆ ಹೆಮ್ಮೆಯಿಂದ ವರದಿ ಒಪ್ಪಿಸಿದಳು. ಬಿಸಿಯೂಟದ ಸಾರಿನ ರುಚಿ ನೋಡುವುದನ್ನೂ ಬಿಟ್ಟಿದ್ದಳಂತೆ. "ಉಪ್ಪು ಕಮ್ಮಿ ಆಗ್ಯದ ಅಂತ ಮಾಸ್ತರ್ರು ಬೈತಾರ್ರಿ, ಬೈಲಿ" ಎಂದು ನಕ್ಕಳು.

ಎಳ್ಳಮಾಸಿ ಕಳೆದು ಸ್ವಲ್ಪ ದಿನಕ್ಕೆ ತಮ್ಮನಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂರು ದಿನ ಐಸಿಯುನಲ್ಲಿ ಇಡಬೇಕಾಯಿತು. ಅಲ್ಲಿಂದ ಮುಂದೆ ಅಕ್ಕನ ತೂಕ ಭರಭರನೆ ಇಳಿಯತೊಡಗಿತು. ಶಿವರಾತ್ರಿಗೆ ಎಂಬತ್ತೊಂದು, ಯುಗಾದಿಗೆ ಎಪ್ಪತ್ತಾರು. ನಾನು ಚಪ್ಪಾಳೆ ತಟ್ಟಿದ್ದೆ. ಬೇರೆ ರೋಗಿಗಳಿಗೆ ಆಕೆಯನ್ನು ತೋರಿಸಿ, ಮನಸ್ಸಿದ್ದರೆ ಹೀಗೆ ಎಂದಿದ್ದೆ. ಇಷ್ಟು ವೇಗ ಏಕೆ ಎಂದು ಕೇಳಲಿಲ್ಲ. ಎಷ್ಟು ಪೆನ್ನು ಮುಗಿದವು ಎಂದೂ ಕೇಳಲಿಲ್ಲ. ಪೆನ್ನು ಮುಗಿದಾಗಲೆಲ್ಲ ಹೊಸದನ್ನು ಆಕೆಯ ಗಂಡ ಭಾಲ್ಕಿಯ ಮೆಡಿಕಲ್ ಅಂಗಡಿಯಿಂದ ಚೀಟಿ ತೋರಿಸಿ ಒಯ್ಯುತ್ತಿದ್ದ.

ಒಂದು ಪ್ರಶ್ನೆ ಮಾತ್ರ ಪ್ರತಿ ತಿಂಗಳೂ ಕೇಳುತ್ತಿದ್ದೆ.

"ವಾಂತಿ ಆಗ್ತದೇನ್ರಿ ಅಕ್ಕಾ?"

"ವಾರದ ದಿನ ಆಗ್ತದ್ರಿ. ಮರುದಿನ ಜರಾ ಕಮ್ಮಿ."

'ಸೂಜಿಯ ದಿನ ವಾಂತಿ, ಸಹಜ' ಎಂದು ನಾನು ಫೈಲಿನಲ್ಲಿ ಬರೆದೆ. ನನ್ನ ಅಕ್ಷರ ದುಂಡಗಿದೆ. ಆ ಸಾಲನ್ನು ಈಗಲೂ ಫೈಲಿನಲ್ಲಿ ಸ್ಪಷ್ಟವಾಗಿ ಓದಬಹುದು.

ಯುಗಾದಿ ಆಗಿ ಹದಿನೈದು ದಿನ. ಅಂದು ಗುರುವಾರ, ಬೀದರಿನ ಬಿಸಿಲು ತಲೆ ಒಡೆಯುವ ಹಾಗಿತ್ತು. ತಮ್ಮನಿಗೆ ಡಯಾಲಿಸಿಸ್ ನಡೆದಿತ್ತು. ಜೊತೆಗೆ ಬಂದಿದ್ದ ಅಕ್ಕ ಹೊರಗಿನ ಬೆಂಚಿನ ಮೇಲೆ ಕುಳಿತವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು. ಟೆಕ್ನಿಷಿಯನ್ ಮೇಲಿನ ಮಹಡಿಗೆ ಓಡಿ ಬಂದು ನನ್ನನ್ನು ಕರೆದ. ನಾನು ಹೋಗಿ ನೋಡಿದಾಗ ನಾಲಿಗೆ ಒಣಗಿ ಹಂಚಾಗಿತ್ತು, ಕಣ್ಣು ಒಳಗೆ ಹೋಗಿದ್ದವು, ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು. ವಾರ್ಡಿಗೆ ಸಾಗಿಸಿ ಸಲೈನ್ ಹಚ್ಚಿದರು. ಸ್ವಲ್ಪ ಚೇತರಿಸಿದ ಮೇಲೆ ನಾನು ನನ್ನ ರೂಢಿಯ ಪ್ರಶ್ನೆ ಕೇಳಿದೆ.

"ಮುಂಜಾನೆಯಿಂದ ಏನ್ ತೊಗೊಂಡೀರಿ ಅಕ್ಕಾ?"

"ಏನೂ ಇಲ್ರಿ. ನೀರೂ ಕುಡದಿಲ್ಲ. ಇವತ್ತ ವಾರ ಅದಲ್ರಿ."

"ವಾರ ಐತವಾರ ಅಂದಿದ್ರಿ?"

"ಐತವಾರ ತವರ ಮನಿ ದೇವರದು, ಸಣ್ಣಾಕಿ ಇದ್ದಾಗಿಂದ ಹಿಡದೀನಿ. ಗುರುವಾರ ತಮ್ಮನ ಸಲುವಾಗಿ. ಅಂವಗ ಐಸಿಯುನಾಗ ಹಾಕಿದ್ರಲ್ಲ, ಆವಾಗ ಬೇಡಕೊಂಡೆ." ಇಷ್ಟು ಹೇಳಿ, ನನ್ನ ಮುಖದಲ್ಲಿ ಏನು ಕಂಡಳೋ, ಅವಸರದಿಂದ ಸೇರಿಸಿದಳು: "ಎರಡೂ ವಾರ ಸೂಜಿ ಬರೊಬ್ಬರಿ ತೊಗೊಂಡೀನ್ರಿ ಮೇಡಂ. ಒಂದೂ ವಾರ ತಪ್ಪಿಸಿಲ್ಲ."

ನನ್ನ ಹಾಳೆಯ ಮೊದಲ ಎರಡು ಸಾಲನ್ನು ಮನಸ್ಸಿನಲ್ಲೇ ಮತ್ತೆ ಓದಿದೆ.

ನಮ್ಮ ಭಾಗದಲ್ಲಿ ವಾರ ಹಿಡಿಯುವುದು ಎಂದರೆ ದೇವರ ಹೆಸರಿನಲ್ಲಿ ಒಂದು ದಿನವನ್ನು ಉಪವಾಸಕ್ಕೆ ಎತ್ತಿಡುವುದು. ನನ್ನ ವಾರ ಎಂದರೆ ನನ್ನ ಉಪವಾಸದ ದಿನ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಆದರೆ ನಮ್ಮದು ಬೌದ್ಧರ ಮನೆ, ವಾರ ಹಿಡಿಯುವ ರೂಢಿ ಅಜ್ಜನ ಕಾಲಕ್ಕೇ ಹೋಯಿತು. ನಮ್ಮ ಮನೆಯಲ್ಲಿ ವಾರ ಎಂದರೆ ಏಳು ದಿನ, ಇಲ್ಲವೇ ಅದರಲ್ಲಿ ಒಂದು ದಿನ, ಅಷ್ಟೇ. ಆಕೆಯ ಮನೆಯಲ್ಲಿ ವಾರಕ್ಕೊಂದು ಸೂಜಿ ಎಂದರೆ ಹಿಡಿದ ಪ್ರತಿ ವಾರಕ್ಕೂ ಒಂದು. ಒಂದು ವಾರ ಇದ್ದಾಗ ಒಂದು ಸೂಜಿ, ಎರಡು ವಾರ ಆದಾಗ ಎರಡು. ಏರಿಸಿದ ಅಳತೆಯ ಔಷಧ, ಬೇಕಾದದ್ದರ ಎರಡರಷ್ಟು, ಅದೂ ನೀರು ಸಹ ಕುಡಿಯದ ದಿನಗಳಲ್ಲೇ. ಸಂಜೆ ಪೂಜೆ ಮಾಡಿ ಉಂಡ ಒಂದು ಹೊತ್ತಿನ ಊಟವೂ ವಾಂತಿಯಲ್ಲಿ ಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ್ದಷ್ಟೇ ಅಲ್ಲ, ಬರೆದು, ನಕಲು ತೆಗೆಸಿ ಹಂಚಿದ್ದೆ.

ರಕ್ತದ ವರದಿ ಸಂಜೆಗೆ ಬಂತು. ಕಿಡ್ನಿಯ ಕೆಲಸ ಕುಗ್ಗಿದಷ್ಟೂ ಏರುವ ಕ್ರಿಯಾಟಿನಿನ್ ದೀಪಾವಳಿಯಲ್ಲಿ ಸೊನ್ನೆ ಪಾಯಿಂಟ್ ಎಂಟು ಇದ್ದದ್ದು ಈಗ ನಾಲ್ಕು ದಾಟಿತ್ತು. ಒಲೆಯ ಮುಂದೆ ನಿಂತು ನಿಂತು ಕಾಲು ಹಿಡಿಯುತ್ತದೆಂದು ಆಕೆ ಊರಿನಲ್ಲಿ ನೋವಿನ ಗುಳಿಗೆಯನ್ನೂ ನುಂಗುತ್ತಿದ್ದದ್ದು ಆಗಲೇ ಗೊತ್ತಾಯಿತು. ಮೂರು ದಿನ ಹನಿ ಹನಿ ಮೂತ್ರ ಅಳೆಯುತ್ತಾ ಕುಳಿತೆವು. ನಾಲ್ಕನೆಯ ದಿನ ಮೂತ್ರ ಚೆನ್ನಾಗಿ ಇಳಿಯಿತು. ಮನೆಗೆ ಕಳಿಸುವಾಗ ಕ್ರಿಯಾಟಿನಿನ್ ಎರಡಕ್ಕೆ ಬಂದಿತ್ತು. ಇನ್ನೂ ಇಳಿಯುತ್ತದೆ, ಕಾಯೋಣ ಎಂದರು ಕಿಡ್ನಿ ವೈದ್ಯರು.

ಆಕೆ ಬಿದ್ದ ಮರುದಿನ ಮುಂಜಾನೆಯೇ ವಾರ್ಡಿನಲ್ಲಿ ಆಕೆಯ ಗಂಡ ಎಲ್ಲರೆದುರು, "ಸಾಲಿ ಕಲ್ತಿದ್ರ ಹಿಂಗ ಆಗ್ತಿತ್ತೇನು? ಏನ್ ಹೇಳಿದ್ರೂ ಉಲ್ಟಾ ತಿಳ್ಕೊಂತಾಳ" ಎಂದು ರೇಗಿದ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಫೈಲಿನಲ್ಲಿ ಡ್ಯೂಟಿ ಡಾಕ್ಟರು, ರೋಗಿಯೇ ತಪ್ಪಾಗಿ ಹೆಚ್ಚು ಸೂಜಿ ತೆಗೆದುಕೊಂಡಿದ್ದಾಳೆ ಎಂದು ಬರೆದಿದ್ದರು. ಅದನ್ನು ಹಾಗೇ ಬಿಟ್ಟಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಅರ್ಧ ದಿನ ಬಿಟ್ಟೂ ಇದ್ದೆ. ಬಿಟ್ಟಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಹಾಳೆ ಹಿಡಿದುಕೊಂಡು ಸರ್ಜನ್ನರ ಕೋಣೆಗೆ ಹೋದೆ. ಅವರು ಓದಿದರು, ಮತ್ತೆ ಓದಿದರು.

"ನಾನೂ ಇದನ್ನ ಹೊಗಳಿದ್ದೆ" ಎಂದರು. ಆಮೇಲೆ, "ಫೈಲಿನಲ್ಲಿ ನೀವೇ ಬರೀರಿ. ನಾನು ಸಹಿ ಹಾಕ್ತೇನೆ" ಎಂದರು. ನಾನು ಬಾಗಿಲ ತನಕ ಬಂದಾಗ ಮೆಲ್ಲಗೆ, "ಆಪರೇಷನ್ ಅಂದಿದ್ದೆ ನಾನು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಂಡನಿಗೆ ವಾರ್ಡಿನಲ್ಲೇ ಹೇಳಿದೆ. ತಪ್ಪು ನಿಮ್ಮ ಹೆಂಡತಿಯದಲ್ಲ, ಆಕೆ ಬರೆದ ಹಾಗೇ ಮಾಡಿದ್ದಾಳೆ, ಬರೆದವಳು ನಾನು ಎಂದೆ. ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದ. ತಿರುಗಿ ಬಂದು ಹೆಂಡತಿಯ ಮಂಚದ ಬದಿ ಕುಳಿತು ಎಳನೀರು ಕುಡಿಸಿದ.

ಉಳಿದವನು ತಮ್ಮ. ಸೋಮವಾರ ಡಯಾಲಿಸಿಸ್ ಕೋಣೆಗೆ ಇಳಿದು ಹೋದೆ. ಅವನ ಕೈಯಲ್ಲಿ ಎರಡು ದಪ್ಪ ಸೂಜಿ ಚುಚ್ಚಿದ್ದರು, ರಕ್ತ ನಳಿಕೆಯಲ್ಲಿ ಹರಿಯುತ್ತಿತ್ತು. ಸ್ಟೂಲ್ ಎಳೆದುಕೊಂಡು ಎಲ್ಲ ಹೇಳಿದೆ. ಹಾಳೆಯ ಮಾತು, ಐತವಾರ, ಗುರುವಾರ, ಎರಡು ಸೂಜಿ. ಅವನು ನಡುವೆ ತಡೆದ.

"ಗುರುವಾರನೂ ಹಿಡದಾಳ? ಯಾವಾಗಿಂದ?"

ಆಗ ನನಗೆ ಹೊಳೆಯಿತು, ಅವನಿಗೆ ಇದು ಗೊತ್ತೇ ಇರಲಿಲ್ಲ. ಡಯಾಲಿಸಿಸ್‌ಗೆ ಜೊತೆಗೆ ಬಂದು ನಾಲ್ಕು ತಾಸು ಹೊರಗೆ ಕೂರುತ್ತಿದ್ದ ಅಕ್ಕ, ಮನೆಯಲ್ಲೇ ಉಂಡು ಬಂದೀನಿ ಎಂದು ಅವನಿಗೆ ಹೇಳುತ್ತಿದ್ದಳಂತೆ.

"ಐಸಿಯುನಾಗ ಇದ್ದಾಗಿಂದ" ಎಂದೆ.

ಅವನು ಚಾದರವನ್ನು ಮುಖದ ತನಕ ಎಳೆದುಕೊಂಡ. ಮೈ ಅದುರುತ್ತಿತ್ತು, ಯಂತ್ರ ಕೂಗಿಕೊಂಡಿತು, ಟೆಕ್ನಿಷಿಯನ್ ಬಂದು ಕೈ ಅಲ್ಲಾಡಿಸಬೇಡಿ ಎಂದ. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅವನ ಎದೆಗೆ ಭಾರ ಹೊರಿಸಿ ಬಂದೆ. ಹೇಳಬಾರದಿತ್ತೇ? ಹೇಳಬೇಕಿತ್ತು. ಆದರೆ ಹೇಗೆ ಹೇಳಬೇಕಿತ್ತೋ ಅದು ನನಗೆ ಇವತ್ತಿಗೂ ತಿಳಿದಿಲ್ಲ.

ಹಾಳೆಯನ್ನು ಅಂದೇ ಬದಲಿಸಿದೆ. ಈಗ ಅದರಲ್ಲಿ ವಾರ ಎಂಬ ಮಾತೇ ಇಲ್ಲ. 'ಏಳು ದಿನಕ್ಕೆ ಒಂದೇ ಸಲ' ಎಂದು ಬರೆದು, ಕೆಳಗೆ ಕ್ಯಾಲೆಂಡರಿನ ತಾರೀಖುಗಳಿಗೆ ಸುತ್ತು ಹಾಕಿ ಕೊಡುತ್ತೇನೆ. ಉಪವಾಸ ಯಾವಾಗ ಮಾಡುತ್ತೀರಿ ಎಂದು ಬಿಡಿಸಿ ಕೇಳುತ್ತೇನೆ. ಖಾಲಿ ಪೆನ್ನುಗಳನ್ನು ತಂದು ತೋರಿಸಲು ಹೇಳುತ್ತೇನೆ. ಇದರಿಂದ ಬೇರೆಯವರಿಗೆ ಉಪಯೋಗ ಆಗಿದೆ. ಆ ಅಕ್ಕನಿಗೆ ಆಗಲಿಲ್ಲ.

ಸೂಜಿ ನಿಲ್ಲಿಸಿದ್ದೆವು. ಆದರೂ ಆಕೆ ಅಕ್ಕಿ ಬಿಟ್ಟು, ಒಂದೊಂದೇ ಜೋಳದ ರೊಟ್ಟಿಯಲ್ಲಿ ಇದ್ದು, ಹೊತ್ತು ಮೂಡುವ ಮುಂಚೆ ಎದ್ದು ಔರಾದ್ ರಸ್ತೆಯಲ್ಲಿ ನಡೆದು, ಮೂರು ತಿಂಗಳಲ್ಲಿ ಎಪ್ಪತ್ತೊಂದಕ್ಕೆ ಬಂದಳು. ಬೇಡವೆಂದರೂ ಐತವಾರ, ಗುರುವಾರ ಬಿಡಲಿಲ್ಲ, ನೀರು ಮಾತ್ರ ಕುಡಿಯಲು ಒಪ್ಪಿದ್ದಳು. ಯಂತ್ರದ ಮೇಲೆ ಎಪ್ಪತ್ತೊಂದು ಕಂಡಾಗ ಇಳಿಯಲೇ ಇಲ್ಲ, ಹಾಗೇ ನಿಂತು, "ಬರಕೊಳ್ರಿ ಮೇಡಂ, ಬರಕೊಳ್ರಿ" ಎಂದಳು. ಬರೆದುಕೊಂಡೆ. ಕ್ರಿಯಾಟಿನಿನ್ ಒಂದೂವರೆಯ ಮೇಲೆ ನಿಂತುಬಿಟ್ಟಿತ್ತು. ಅದನ್ನೂ ಬರೆದೆ. ಎರಡನ್ನೂ ಹಿಡಿದುಕೊಂಡು ಅವರು ಹೈದರಾಬಾದಿಗೆ ಹೋದರು.

ಮರುದಿನವೇ ಉತ್ತರ ಬಂತು. ತೂಕ ಸರಿಯಾಗಿದೆ, ಕಿಡ್ನಿ ಸರಿಯಿಲ್ಲ. ಉಳಿದಿರುವ ಶಕ್ತಿ ಆಕೆಗೇ ಬೇಕು, ಒಂದನ್ನು ತೆಗೆದರೆ ಆಕೆಯೂ ಡಯಾಲಿಸಿಸ್‌ಗೆ ಬರುತ್ತಾಳೆ, ಇನ್ನು ಕೇಳಬೇಡಿ ಎಂದಿದ್ದರು. ಸತ್ತವರ ಕಿಡ್ನಿ ಸಿಗುವ ಪಟ್ಟಿಯಲ್ಲಿ ತಮ್ಮನ ಹೆಸರು ಬರೆಸಿ ಬಂದರು. ಆ ಪಟ್ಟಿ ಎಷ್ಟು ಉದ್ದ, ಅವನ ಹೃದಯಕ್ಕೆ ಎಷ್ಟು ದಿನ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅದಾದ ಮೊದಲ ಡಯಾಲಿಸಿಸ್ ದಿನ ನಾನೇ ಕೆಳಗೆ ಹೋದೆ. ಅಕ್ಕ ಅವನ ಕಾಲ ಬಳಿ ಕುಳಿತಿದ್ದಳು.

"ಮತ್ತೊಮ್ಮೆ ತಪಾಸ ಮಾಡಸೋಣ್ರಿ ಮೇಡಂ" ಎಂದಳು. "ಇನ್ನೊಂದು ನಾಕ್ ಕೆಜಿ ಇಳಸ್ತೇನಿ. ಬೇಕಾದ್ರ ಆಪ್ರೇಶನ್ನೂ ಮಾಡ್ರಿ ಈಗ, ನಾ ಒಲ್ಲೆ ಅನ್ನಾಂಗಿಲ್ಲ."

ತಮ್ಮ ಸೂಜಿ ಇಲ್ಲದ ಕೈ ಚಾಚಿ, ತಲೆದಿಂಬಿನ ಬದಿಯಲ್ಲಿ ಅವನ ಹೆಂಡತಿ ಕಟ್ಟಿ ಕಳಿಸಿದ್ದ ಡಬ್ಬಿಯನ್ನು ಅಕ್ಕನ ಮುಂದೆ ಸರಿಸಿದ. ರೊಟ್ಟಿ, ಪುಂಡಿ ಪಲ್ಯ, ಮೊಸರು.

"ಉಣ್ಣು ಅಕ್ಕಾ."

"ಇವತ್ತ ಗುರುವಾರ ಅದ ತಮ್ಮಾ."

"ಗೊತ್ತದ. ಅದಕ್ಕೇ ಉಣ್ಣು ಅಂದೆ. ಇನ್ನ ಸಾಕು, ವಾರ ಬಿಡು."

ಆಕೆ ಡಬ್ಬಿಯನ್ನು ಅವನ ಕಡೆಗೇ ತಿರುಗಿ ಸರಿಸಿದಳು, ಅವನು ಮತ್ತೆ ಆಕೆಯ ಮುಂದಿಟ್ಟ. ವಾರ ಬಿಡುವುದೆಂದರೆ ತಮ್ಮ ಉಳಿಯುವ ಆಸೆ ಬಿಟ್ಟಂತೆ ಎಂದು ಆಕೆಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೊನೆಗೆ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಳುತ್ತಾ, ನುಂಗುತ್ತಾ, ಪೂರಾ ಉಂಡಳು. ಆಕೆ ಕೈ ತೊಳೆಯುವ ತನಕ ತಮ್ಮ ಕಣ್ಣು ಮುಚ್ಚಲಿಲ್ಲ.